ಹೂಂಗುಟ್ಟುವವನು

ಆಸ್ಪತ್ರೆಯ ಲಿಫ್ಟಿನಲ್ಲಿ ಅವನ ಪಕ್ಕಕ್ಕೆ ನಿಂತಿದ್ದ ಮನುಷ್ಯನೊಬ್ಬ, "ಇವತ್ತು ಸೆಖೆ ಸ್ವಲ್ಪ ಜಾಸ್ತಿ ಅಲ್ವಾ?" ಎಂದ. ಸೆಖೆ ಇದ್ದರೆ ಸುಮ್ಮನೆ ಬೆವರಬೇಕು, ಅದನ್ನು ತಂದು ಇನ್ನೊಬ್ಬರ ಕಿವಿಗೆ ಸುರಿಯುವುದು ಯಾವ ಸೀಮೆಯ ಮರ್ಯಾದೆ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಮುಖ ತಾನಾಗಿಯೇ ಅರಳಿಕೊಂಡಿತು, ಬಾಯಿ ತಾನಾಗಿಯೇ, "ಹೌದು ನೋಡಿ, ರಾತ್ರಿಯೆಲ್ಲಾ ಕಣ್ಣು ಮುಚ್ಚೋಕಾಗ್ಲಿಲ್ಲ" ಎಂದಿತು. ರಾತ್ರಿ ಅವನು ಮಗ್ಗುಲು ಬದಲಿಸದೆ ಮಲಗಿದ್ದ. ಅಷ್ಟು ಸಿಕ್ಕಿದ್ದೇ ತಡ, ಆ ಮನುಷ್ಯ ತನ್ನ ಮನೆಯ ಫ್ಯಾನು, ಅದನ್ನು ರಿಪೇರಿ ಮಾಡಿಸದ ಮನೆ ಮಾಲೀಕ, ಮಾಲೀಕನ ಸೊಕ್ಕು, ಎಲ್ಲವನ್ನೂ ಬಿಚ್ಚಿಡತೊಡಗಿದ. ಅವನು "ಹೌದಾ, ಆಮೇಲೆ?" ಎನ್ನುತ್ತಾ ಬಾಗಿಲ ಮೇಲೆ ಬದಲಾಗುತ್ತಿದ್ದ ಮಹಡಿಯ ಅಂಕಿಗಳನ್ನು ನೋಡಿದ. ಇಷ್ಟೇ ಸಾಕು ಈ ಜನಕ್ಕೆ. ಒಂದು ಹೂಂ ಬಿಸಾಕಿದರೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕುತ್ತಾರೆ, ಹಾಕಿದ ಮೇಲೆ ಹೂಂ ಅಂದವನೇ ದೇವರಂಥವನು ಎನ್ನುತ್ತಾರೆ. ಇಳಿಯುವಾಗ ಆ ಮನುಷ್ಯ ಅವನ ಕೈಕುಲುಕಿ, "ನಿಮ್ಮಂಥೋರು ಸಿಗೋದು ಅಪರೂಪ" ಎಂದ. ಅವನು ಆ ಕೈಯನ್ನು ಆಪರೇಷನ್ ಕೋಣೆಯ ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ಉಜ್ಜಿ ತೊಳೆದುಕೊಂಡ.

ಅವನು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮೊದಲು ಜನರನ್ನು ಮಲಗಿಸುವುದು, ಕೊಯ್ದು ಹೊಲಿದಾದ ಮೇಲೆ ಎಬ್ಬಿಸುವುದು ಅವನ ಕಸುಬು. ಕಾಯಿಲೆಯವರು ಬಾಯಿ ಮುಚ್ಚಿಕೊಂಡಿರುವ ವಿಭಾಗ ಇದೊಂದೇ ಎಂದು ಲೆಕ್ಕ ಹಾಕಿಯೇ ಹರೆಯದಲ್ಲಿ ಅವನು ಇದನ್ನು ಆರಿಸಿಕೊಂಡಿದ್ದ. ಆದರೆ ಮಲಗಿಸುವುದಕ್ಕೆ ಮೊದಲಿನ ಒಂದೆರಡು ನಿಮಿಷದಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿರುವವರಿಗೆ ಔಷಧಿ ಹೆಚ್ಚು ಬೇಕು, ರಕ್ತದೊತ್ತಡ ಏರುತ್ತದೆ, ಕೆಲಸ ಕೆಡುತ್ತದೆ. ಅದಕ್ಕೇ ಅವನು ಮಾತನ್ನೂ ಒಂದು ಚುಚ್ಚುಮದ್ದಿನಂತೆ ಅಭ್ಯಾಸ ಮಾಡಿದ. ಕಾಯಿಲೆಯ ಸುದ್ದಿ ಎತ್ತಬಾರದು. ಮಕ್ಕಳೆಷ್ಟು ಎಂದು ಕೇಳಬಾರದು, ಕೆಲವರು ಅತ್ತುಬಿಡುತ್ತಾರೆ. "ನಿಮ್ಮ ಮನೆಗೆ ಬರೋ ದಾರಿ ಹೇಳಿ ನೋಡೋಣ" ಎನ್ನಬೇಕು, ಅಷ್ಟೆ. ಎಂಥ ಹೆದರುಪುಕ್ಕಲನೂ ದಾರಿ ಹೇಳಲು ಶುರುಮಾಡಿದ ಕೂಡಲೇ ಠೀವಿಗೆ ಬಂದುಬಿಡುತ್ತಾನೆ. ಬಸ್ ನಿಲ್ದಾಣದಿಂದ ಬಲಕ್ಕೆ, ಹಿಟ್ಟಿನ ಗಿರಣಿ ಹತ್ರ ಎಡಕ್ಕೆ, ಆಮೇಲೆ ಒಂದು ಮುರುಕು ಗೇಟು, ಅಷ್ಟರಲ್ಲಿ ನಾಲಿಗೆ ದಪ್ಪವಾಗಿ ಮಾತು ತೊದಲಿ ನಿಂತುಹೋಗುತ್ತದೆ. ಸಾವಿರಾರು ಜನ ಅವನಿಗೆ ದಾರಿ ಹೇಳಿದ್ದರು. ಒಂದು ಬೀದಿಯೂ ಅವನ ತಲೆಯಲ್ಲಿ ಉಳಿದಿರಲಿಲ್ಲ, ಉಳಿಸಿಕೊಳ್ಳುವುದಕ್ಕೆ ಅವನಿಗೇನು ಹುಚ್ಚೆ. ಅವರು ಮಾತಾಡುವಾಗ ಅವನ ಕಣ್ಣು ಪರದೆಯ ಮೇಲಿನ ಹಸಿರು ಗೆರೆಯ ಮೇಲಿರುತ್ತಿತ್ತು, ಕೈ ಸಿರಿಂಜಿನ ಮೇಲೆ, ಬಾಯಿ ತನ್ನಷ್ಟಕ್ಕೆ ಹೌದಾ ಆಮೇಲೆ, ಹೌದಾ ಆಮೇಲೆ ಎನ್ನುತ್ತಿತ್ತು. ನರ್ಸುಗಳು ಅವನಿಗೆ ಜೋಗುಳ ಡಾಕ್ಟರು ಎಂದು ಹೆಸರಿಟ್ಟಿದ್ದರು. ಆ ಹೆಸರು ಆಸ್ಪತ್ರೆಯ ನಿರ್ದೇಶಕಿಯ ಕಿವಿಗೂ ಬಿದ್ದು, ಅಪರಿಚಿತರನ್ನು ಮಾತಾಡಿಸುವ ಕಲೆಯ ಬಗ್ಗೆ ಹೊಸ ಡಾಕ್ಟರುಗಳಿಗೆ ಅವನು ಇವತ್ತು ಮಧ್ಯಾಹ್ನ ಒಂದು ಭಾಷಣ ಕೊಡಬೇಕೆಂದು ಆಕೆ ಹಟ ಹಿಡಿದಿದ್ದಳು. ಅವನಿಗೆ ಹೇಸಿಗೆಯೂ ಆಗಿತ್ತು, ಒಳಗೊಳಗೇ ಹೊಟ್ಟೆ ತಂಪೂ ಆಗಿತ್ತು.

ಕಲೆಯಂತೆ ಕಲೆ. ಇದು ಅವನ ಅಪ್ಪನ ಚಟ. ಆ ಮನುಷ್ಯನಿಗೆ ರೈಲಿನಲ್ಲಿ, ಅಂಗಡಿ ಮುಂದಿನ ಸಾಲಿನಲ್ಲಿ, ಮೂತ್ರಾಲಯದಲ್ಲಿ ಕೂಡ ಪಕ್ಕದವನು ಯಾರು, ಯಾವ ಕಡೆಯವನು, ಯಾಕೆ ಮುಖ ಸಪ್ಪಗಿದೆ ಎಂದು ತಿಳಿಯದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಬೇರೆಯವರು ಬಾಯಿ ಬಿಡದಿದ್ದರೆ ತನ್ನ ಮನೆಯದ್ದನ್ನೇ ಮೊದಲು ಬಿಚ್ಚುತ್ತಿದ್ದ. ಒಮ್ಮೆ ರೈಲಿನಲ್ಲಿ, ಎದುರಿಗೆ ಕೂತ ಬಳೆ ತುಂಬಿದ ಹೆಂಗಸೊಬ್ಬಳು ನಗಲಿ ಎಂದು, "ನಮ್ಮ ರಾಜಕುಮಾರ ಇನ್ನೂ ಹಾಸಿಗೆ ಒದ್ದೆ ಮಾಡ್ಕೊಳ್ತಾನೆ ಕಣಮ್ಮ" ಎಂದಿದ್ದ. ಇಡೀ ಬೋಗಿ ನಕ್ಕಿತ್ತು. ಆಗ ಹುಡುಗನಾಗಿದ್ದ ಅವನು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು, ಕಬ್ಬಿಣದ ಉಪ್ಪುಪ್ಪು ವಾಸನೆಯಲ್ಲಿ, ಈ ಮನುಷ್ಯ ಇಲ್ಲೇ ಇಳಿದುಹೋಗಲಿ ಎಂದು ಬೇಡಿಕೊಂಡಿದ್ದ. ಅಪ್ಪ ಸತ್ತಾಗ ಯಾರು ಯಾರೋ ಬಂದು ಅತ್ತರು. ಚಪ್ಪಲಿ ಅಂಗಡಿಯವನು, ಗಡಿಯಾರ ರಿಪೇರಿಯವನು, ಎರಡು ಸಲ ಒಟ್ಟಿಗೆ ಪ್ರಯಾಣ ಮಾಡಿದ್ದೆ ಎಂದ ಒಬ್ಬ ಲಾರಿ ಡ್ರೈವರು. ಅವರೆಲ್ಲ ಅವನ ಬೆನ್ನು ತಟ್ಟುವಾಗ ಇವರಿಗೆಲ್ಲ ಹಾಸಿಗೆಯ ವಿಷಯ ಗೊತ್ತಿರಬೇಕು ಎಂದೇ ಅವನಿಗೆ ಅನಿಸುತ್ತಿತ್ತು. "ಹೌದಾ, ಆಮೇಲೆ?" ಅಪ್ಪನದೇ ಮಾತು. ಅಪ್ಪ ಅದನ್ನು ಕುರ್ಚಿಯ ತುದಿಗೆ ಸರಿದು ಕೇಳುತ್ತಿದ್ದ. ಮಗ ಅದನ್ನು ಸ್ವಚ್ಛ ತೊಳೆದು, ಅದರೊಳಗಿನ ಆಸೆಬುರುಕತನವನ್ನು ತೆಗೆದು ಇಟ್ಟುಕೊಂಡಿದ್ದ.

ಮನೆಯಲ್ಲಿ ಇದು ನಗೆಪಾಟಲಾಗಿತ್ತು. ಒಂದು ದಿನ ಹೆಂಡತಿ ಕಾರಿನಲ್ಲಿ, "ನಿಮ್ಮ ತಮ್ಮ ನನ್ನನ್ನ ಓಡಿಸ್ಕೊಂಡು ಹೋಗ್ತಾನಂತೆ, ಹೋಗ್ಲಾ?" ಎಂದಿದ್ದಳಂತೆ. ಅವನು, "ಒಳ್ಳೇದೇ ಆಯ್ತಲ್ಲ" ಎಂದನಂತೆ. ಹೆಂಡತಿ ಇದನ್ನು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದಳು, ಅವನೂ ನಗುತ್ತಿದ್ದ. ಈಚೆಗೆ ಅವಳು ಅದನ್ನು ಹೇಳುವುದನ್ನೂ ಬಿಟ್ಟಿದ್ದಳು. ಅವನಿಗೆ ಒಂದು ಪೀಡೆ ಕಳೆದಂತಾಗಿತ್ತು.

ಇವತ್ತು ಆಪರೇಷನ್ ಮೇಜಿನ ಮೇಲೆ ಮಲಗಿದ್ದಾಕೆ ಟೈಪಿಂಗ್ ಶಾಲೆ ನಡೆಸಿದವಳು. ಎಪ್ಪತ್ತು ದಾಟಿದ, ಎಲುಬು ಬಿಟ್ಟರೆ ಏನೂ ಇಲ್ಲದ ಮೈ. ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು, ಅದನ್ನು ಬಿಡಿಸಬೇಕಿತ್ತು. ಬಿಡಿಸುವಾಗ ಕಟ್ಟಿಕೊಂಡದ್ದರ ಒಂದು ಚೂರು ಕಿತ್ತು ಮೆದುಳಿಗೆ ಹೋದರೆ ಮಾತೋ ಕೈಯೋ ಹೋಗಬಹುದೆಂದು ಸರ್ಜನ್ ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿದ್ದ. ಅವನು ಎಂದಿನಂತೆ ಆಕೆಯ ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, ನಿಮ್ಮ ಮನೆಗೆ ಬರೋ ದಾರಿ ಹೇಳಿ ನೋಡೋಣ ಎಂದ.

"ಯಾಕೆ, ನೀವು ಬರೋರಾ?" ಎಂದಳು ಆಕೆ.

ಇಷ್ಟು ವರ್ಷಗಳಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ಅವನು ನಗುವನ್ನು ಹಾಗೆಯೇ ಹಿಡಿದುಕೊಂಡು, "ಬಂದ್ರೂ ಬಂದೆ" ಎಂದ.

"ಬರಲ್ಲ ನೀವು. ದಾರಿ ಬಿಡಿ. ಬೇರೆ ಒಂದು ಮಾತಿದೆ, ಯಾರಿಗೂ ಹೇಳಿಲ್ಲ. ಎದ್ದ ಮೇಲೆ ಹೇಳೋಕಾಗುತ್ತೋ ಇಲ್ವೋ. ನೀವು ಯಾರೋ ಏನೋ, ಅದಕ್ಕೇ ನಿಮ್ಮ ಹತ್ರ ಹೇಳ್ತೀನಿ."

ಆ ಹೊತ್ತಿಗೆ ಸರಿಯಾಗಿ ಎಡಗೈಗೆ ಹಾಕಿದ್ದ ಸೂಜಿ ಕೈಕೊಟ್ಟಿತು. ನರದಿಂದ ಜಾರಿ, ಚರ್ಮದಡಿಯಲ್ಲಿ ನೀರು ತುಂಬಿ ಊದಿಕೊಂಡಿತು. ಹಿರಿಯ ನರ್ಸು ಹೊಸ ಸೂಜಿ ತರಲು ಹೋದಳು. ಅವನು ಆ ಕೈಯನ್ನು ಕೆಳಗಿಳಿಸಿ, ತಟ್ಟಿ, ಬಗ್ಗಿ, ಇನ್ನೊಂದು ನರ ಹುಡುಕತೊಡಗಿದ. ಮುದುಕರ ನರ, ಮುಟ್ಟಿದರೆ ಓಡುತ್ತದೆ. ತಲೆಯ ಮೇಲುಗಡೆ ಆಕೆಯ ದನಿ ನಡೆದೇ ಇತ್ತು, ಏರದೆ ಇಳಿಯದೆ, ಪಾಠ ಹೇಳುವ ದನಿ. ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಮುಗಿಯಬೇಕಾದದ್ದು ಎಳೆಯುತ್ತಾ ಹೋಯಿತು, ಅವನು ಹೌದಾ ಆಮೇಲೆ ಎನ್ನುತ್ತಾ ಹೋದ. ಒಂದು ಕಡೆ ಅವನು, "ಒಳ್ಳೇದೇ ಆಯ್ತಲ್ಲ" ಎಂದ. ಆಕೆ ಅಲ್ಲಿ ಮಾತು ನಿಲ್ಲಿಸಿದಳು. ಆ ಮೌನಕ್ಕೇ ಅವನು ತಲೆಯೆತ್ತಿದ್ದು. ಆಕೆ ಅವನನ್ನು ನೋಡುತ್ತಾ, "ನಿಮಗೂ ಹಾಗೇ ಅನ್ಸುತ್ತಾ?" ಎಂದು ಕೇಳಿದಳು. "ಖಂಡಿತ" ಎಂದ. ಆಕೆ ದೊಡ್ಡದೊಂದು ಉಸಿರು ಬಿಟ್ಟಳು. ನರ ಸಿಕ್ಕಿತು, ಔಷಧಿ ಹೋಯಿತು. ಮಲಗಿದವರ ಕಣ್ಣು ಒಣಗದಿರಲೆಂದು ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸುವ ಪದ್ಧತಿ ಇದೆ. ಆಕೆಯ ರೆಪ್ಪೆಗೆ ಪಟ್ಟಿ ಅಂಟಲೇ ಇಲ್ಲ, ಒದ್ದೆಯಾಗಿತ್ತು. ಥೂ ಎಂದುಕೊಂಡು ಹತ್ತಿಯಲ್ಲಿ ಒರೆಸಿ ಅಂಟಿಸಿದ.

ಆಪರೇಷನ್ ಹೂವೆತ್ತಿದಂತೆ ನಡೆಯಿತು. ಎಬ್ಬಿಸಿದಾಗ ಆಕೆ ಎದ್ದಳು. ಎಡಗೈ ಮುಷ್ಟಿ ಬಿಗಿಯಿರಿ ಎಂದರೆ ಬಿಗಿದಳು, ಬಲಗೈ ಬಿಗಿಯಿರಿ ಎಂದರೆ ಬಲಗೈ ಯಾರದೋ ಕೈಯಂತೆ ಬಿದ್ದುಕೊಂಡಿತ್ತು. ಹೆಸರು ಹೇಳಿ ಎಂದ ಸರ್ಜನ್. ತುಟಿ ಒಂದು ಕಡೆಗೆ ಎಳೆದುಕೊಂಡಿತು, ಗಂಟಲಿನಿಂದ ಒಂದು ಶಬ್ದ ಬಂತು, ಅದು ಹೆಸರಾಗಲಿಲ್ಲ. ಸ್ಕ್ಯಾನ್ ಮಾಡಿಸಿ ಬಂದ ಸರ್ಜನ್ ಟೋಪಿ ತೆಗೆದು ಕೂದಲು ಕೆರೆದುಕೊಳ್ಳುತ್ತಾ, "ಒಂದು ಚೂರು ಮೆದುಳಿಗೆ ಹೋಗ್ಬಿಟ್ಟಿದೆ. ನಾವು ಹೇಳೋದೆಲ್ಲ ಅರ್ಥ ಆಗ್ತಿದೆ ಆಕೆಗೆ, ಮಾತು ಹೊರಗೆ ಬರ್ತಿಲ್ಲ. ಬರವಣಿಗೆನೂ ಅಷ್ಟೇ" ಎಂದ. ಮುಂದೆ ಬರಬಹುದೇ ಎಂದು ಕೇಳಿದ್ದಕ್ಕೆ ಭುಜ ಹಾರಿಸಿದ. ತಪ್ಪು ಯಾರದೂ ಅಲ್ಲ. ಅವನು ತನ್ನ ಕಾಗದಗಳನ್ನು ಎರಡು ಸಲ ನೋಡಿಕೊಂಡ. ಉಸಿರು, ರಕ್ತದೊತ್ತಡ, ಔಷಧಿ, ಎಲ್ಲವೂ ಸರಿಯಾಗಿತ್ತು. ಸಮಾಧಾನವಾಗಬೇಕಿತ್ತು.

ಭಾಷಣದ ಕೋಣೆಯಲ್ಲಿ ಹೊಸ ಡಾಕ್ಟರುಗಳು ಊಟ ಮುಗಿಸಿ ಬಂದು ಜೋಲುಮೋರೆ ಹಾಕಿಕೊಂಡು ಕೂತಿದ್ದರು. ನಿರ್ದೇಶಕಿ ಅವನನ್ನು ಹೊಗಳುವಾಗ ಮೂರು ಸಲ ಹೃದಯ ಎಂಬ ಮಾತನ್ನು ಬಳಸಿದಳು. ಅವನು ಎದ್ದು ನಿಂತು ತನ್ನ ಸರಕನ್ನು ಹರಡಿದ. ದನಿ ಹೇಗಿರಬೇಕು, ಕೈ ಎಲ್ಲಿರಬೇಕು, ಮನೆಯ ದಾರಿಯನ್ನು ಯಾಕೆ ಕೇಳಬೇಕು. "ಒಂದು ತಿಳ್ಕೊಳ್ಳಿ, ಉತ್ತರ ನಿಮಗೆ ಬೇಕಾಗಿರೋ ಪ್ರಶ್ನೆ ಯಾವತ್ತೂ ಕೇಳ್ಬೇಡಿ" ಎಂದಾಗ ಎಲ್ಲರೂ ಬರೆದುಕೊಂಡರು. ಕುರಿಗಳು. ಆದರೆ ಮಾತಾಡುತ್ತಿದ್ದ ಅವನ ತಲೆಯ ಹಿಂದೆ ಇನ್ನೊಂದು ದನಿ ಏರದೆ ಇಳಿಯದೆ ನಡೆಯತೊಡಗಿತ್ತು. ಏನು ಹೇಳಿದಳು ಆ ಮುದುಕಿ? ಅವಳು ಎಂಬ ಶಬ್ದ ಬಂದಿತ್ತು, ಖಂಡಿತ ಬಂದಿತ್ತು. ಅವಳು ಎಂದರೆ ಯಾರು? ಇಷ್ಟು ವರ್ಷ ಎಂಬುದೂ ಇತ್ತು, ಅದು ಯಾರ ಬಾಯಲ್ಲಿ ತಾನೇ ಇರುವುದಿಲ್ಲ. ಒಳ್ಳೇದೇ ಆಯ್ತಲ್ಲ ಎಂದು ಯಾವುದಕ್ಕೆ ಹೇಳಿದೆ? ಯಾರೋ ಸತ್ತದ್ದಕ್ಕಿರಬಹುದೇ, ಮನೆ ಬಿಟ್ಟು ಹೋದದ್ದಕ್ಕೆ? ಆಕೆ ತಾನು ಮಾಡಿದ ಯಾವುದೋ ಅನ್ಯಾಯ ಹೇಳಿಕೊಂಡಿರಬಹುದು, ತಾನು ಖಂಡಿತ ಎಂದು ಅದಕ್ಕೆ ಮೊಹರು ಒತ್ತಿರಬಹುದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ, "ಸರ್, ದಾರಿ ಹೇಳ್ತಾ ಹೇಳ್ತಾ ಯಾರಾದ್ರೂ ಮನೆ ತಲುಪಿದಾರಾ?" ಎಂದಳು. "ತಲುಪಿದ್ರೆ ನನ್ನ ಔಷಧಿ ಕೆಲ್ಸ ಮಾಡ್ಲಿಲ್ಲ ಅಂತರ್ಥ" ಎಂದ. ಕೋಣೆ ಬಿದ್ದು ಬಿದ್ದು ನಕ್ಕಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹಿರಿಯ ನರ್ಸು ಕಾರಿಡಾರಿನಲ್ಲಿ ಸಿಕ್ಕಳು. ಅವನು ಯಾವುದೋ ಬೇರೆ ಕೆಲಸದ ಮಾತೆತ್ತಿ, ಕೊನೆಗೆ ಗಮನವಿಲ್ಲದವನಂತೆ, "ಸಿಸ್ಟರ್, ಬೆಳಿಗ್ಗೆ ಆ ಟೈಪಿಂಗ್ ಟೀಚರ್ ಏನೋ ಹೇಳ್ತಿದ್ರಲ್ಲ, ನಿಮಗೇನಾದ್ರೂ ಕೇಳಿಸ್ತಾ?" ಎಂದ.

"ನಾನು ಸೂಜಿ ತಗೊಂಡು ಬಂದೆ ಸರ್, ಆಯಮ್ಮ ಅಳ್ತಾ ಇದ್ರು. ನೀವು ತಲೆ ಬಗ್ಗಿಸ್ಕೊಂಡು ಅಷ್ಟು ಚೆನ್ನಾಗಿ ಕೇಳಿಸ್ಕೊಳ್ತಾ ಇದ್ರಿ. ಗುಟ್ಟಿನ ಮಾತೇನೋ, ನಾನ್ಯಾಕೆ ಮಧ್ಯ ಅಂತ ಸೂಜಿ ಇಟ್ಟು ಆ ಕಡೆ ಹೋದೆ." ಆಮೇಲೆ ಇನ್ನೂ ಹತ್ತಿರ ಬಂದು, "ಮಗಳು ಬಂದಿದಾರೆ ಸರ್. ಅಮ್ಮ ಕೊನೇಲಿ ಏನಾದ್ರೂ ಅಂದ್ರಾ ಅಂತ ಎಲ್ರನ್ನೂ ಕೇಳ್ತಿದ್ರು. ನಮ್ಮ ಜೋಗುಳ ಡಾಕ್ಟ್ರು ಬಹಳ ಹೊತ್ತು ಮಾತಾಡಿಸಿದ್ರು, ಅವರನ್ನೇ ಕೇಳಿ ಅಂದೆ" ಎಂದಳು.

ಅವನಿಗೆ ಆ ನರ್ಸಿನ ಕೆನ್ನೆಗೆ ಹೊಡೆಯಬೇಕೆನಿಸಿತು. ಅಳುತ್ತಿದ್ದಳೆ? ಹತ್ತಿಯಿಂದ ಒರೆಸಿದ್ದು ಅದನ್ನೇ ಏನು? ಬೇರೆ ಮೆಟ್ಟಿಲಿನಿಂದ ಇಳಿದು ಮನೆಗೆ ಹೋಗಿಬಿಡೋಣವೆಂದು ತಿರುಗಿದ. ಆದರೆ ಮಗಳು ಆ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ನಲವತ್ತರ ಹೆಂಗಸು, ತಾಯಿಯದೇ ಗಲ್ಲ, ಬಗಲಿನ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನೀವೇ ಅಲ್ವಾ ಡಾಕ್ಟ್ರೇ, ಅಮ್ಮನ ಜೊತೆ ಮಾತಾಡಿದ್ದು?" ಅವನು ತಲೆಯಾಡಿಸಿದ. "ನಾವಿಬ್ರೂ ಮಾತು ಬಿಟ್ಟು ಬಹಳ ವರ್ಷ ಆಯ್ತು. ನಂದೂ ತಪ್ಪಿತ್ತು. ಇವತ್ತು ಆಪರೇಷನ್ ಅಂತ ಚಿಕ್ಕಮ್ಮ ಫೋನ್ ಮಾಡಿದ್ರು. ನಾನು ಬರೋ ಹೊತ್ತಿಗೆ ಒಳಗೆ ಕರ್ಕೊಂಡು ಹೋಗಿದ್ರು. ನನ್ನ ವಿಷಯ ಏನಾದ್ರೂ ಅಂದ್ರಾ? ಬೈದಿದ್ರೂ ಪರವಾಗಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ."

ಹೇಳಬೇಕಾದದ್ದು ಒಂದೇ ಒಂದು ವಾಕ್ಯ. ನಾನು ಕೇಳಿಸಿಕೊಳ್ಳಲಿಲ್ಲ. ನಾಲಿಗೆಯ ತುದಿಯವರೆಗೆ ಬಂತು. ಬೇರೆ ಎಲ್ಲಾದರೂ ಆಗಿದ್ದರೆ ಅವನು ಈ ಹೆಂಗಸನ್ನು ನೋಡಿ ಮೂಗು ಮುರಿಯುತ್ತಿದ್ದ: ತಾಯಿಗೆ ಮಾತು ಬರುತ್ತಿದ್ದಾಗ ಬಾಯಿ ಬಿಗಿದುಕೊಂಡು, ಆಮೇಲೆ ದಾರಿಹೋಕರ ಹತ್ತಿರ ತಾಯಿಯ ಮಾತು ಬೇಡುವವರು. ಆದರೆ ಅವಳು ಅವನ ಬಾಯನ್ನೇ ನೋಡುತ್ತಿದ್ದಳು, ಇಷ್ಟು ಹತ್ತಿರದಿಂದ ಯಾರೂ ಅವನ ಬಾಯನ್ನು ಹಾಗೆ ನೋಡಿರಲಿಲ್ಲ. ಮೆಟ್ಟಿಲ ಮೇಲಿನಿಂದ ನರ್ಸು ಹೆಮ್ಮೆಯಿಂದ ಬಗ್ಗಿ ನೋಡುತ್ತಿದ್ದಳು. ಮುಖ ತಾನಾಗಿಯೇ ಮೆತ್ತಗಾಯಿತು, ದನಿ ತಾನಾಗಿಯೇ ತಗ್ಗಿತು. "ನಿಮ್ಮ ವಿಷಯನೇ ಹೇಳ್ತಿದ್ರು" ಎಂದ.

ಅವಳು ಅವನ ತೋಳು ಹಿಡಿದುಕೊಂಡಳು. "ಇಲ್ಲಿ ಬೇಡ. ಅಮ್ಮನ ಮುಂದೇನೇ ಹೇಳಿ. ಅವರಿಗೆ ಅರ್ಥ ಆಗುತ್ತಂತಲ್ಲ. ನನಗೆ ಗೊತ್ತಾಯ್ತು ಅಂತ ಅವರಿಗೂ ಗೊತ್ತಾಗ್ಲಿ."

ತೀವ್ರ ನಿಗಾ ಘಟಕದ ಕಡೆಗೆ ನಡೆಯುವಾಗ ಅವನು ತೋಳು ಬಿಡಿಸಿಕೊಳ್ಳಬಹುದಿತ್ತು. ಎಂದಾದರೂ ಯಾವುದಾದರೂ ಯಂತ್ರ ಕೂಗಿಕೊಂಡರೆ ಡಾಕ್ಟರು ಓಡಲೇಬೇಕಾಗುತ್ತದೆ, ಆದರೆ ಇವತ್ತು ಯಾವ ಯಂತ್ರವೂ ಕೂಗಲಿಲ್ಲ. ಟೈಪಿಂಗ್ ಟೀಚರ್ ದಿಂಬಿಗೆ ಒರಗಿ ಕೂತಿದ್ದಳು. ಬಾಯಿಯ ಒಂದು ಮೂಲೆ ಇಳಿದಿತ್ತು, ಕಣ್ಣು ಮಾತ್ರ ಬೆಳಿಗ್ಗೆ ಇದ್ದಂತೆಯೇ ಚುರುಕಾಗಿತ್ತು. ಮಗಳು ಮಂಚದ ಬಳಿ ಮೊಣಕಾಲೂರಿ ತಾಯಿಯ ಎಡಗೈ ಹಿಡಿದುಕೊಂಡು, "ಅಮ್ಮ, ಡಾಕ್ಟ್ರು ನಂಗೆ ಎಲ್ಲಾ ಹೇಳ್ತಾರಂತೆ" ಎಂದಳು. ತಾಯಿಯ ಮುಖದ ಬಣ್ಣ ಇಳಿಯಿತು. ಹಿಡಿದ ಕೈಯನ್ನು ಎಳೆದುಕೊಳ್ಳಲು ನೋಡಿದಳು, ಅವನನ್ನು ನೋಡಿ ತಲೆಯನ್ನು ಸ್ವಲ್ಪವೇ ಸ್ವಲ್ಪ ಅಡ್ಡ ಆಡಿಸಿದಳು. ಬೇಡ ಎನ್ನುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಮಗಳಿಗೆ ತಿಳಿಯಬಾರದ್ದು ಏನೋ ಇತ್ತು, ಅದನ್ನು ಈಕೆ ನಂಬಿ ಅವನ ಕೈಯಲ್ಲಿಟ್ಟಿದ್ದಳು, ಈಗ ಅದು ಹೊರಗೆ ಬೀಳುತ್ತದೆ ಎಂದು ಹೆದರುತ್ತಿದ್ದಾಳೆ. ಹೆದರಬೇಡಿ, ನನ್ನ ಹತ್ತಿರ ಏನೂ ಇಲ್ಲ ಎಂದು ಹೇಳುವುದು ಹೇಗೆ?

"ನಿಮ್ಮಮ್ಮ..." ಎಂದು ಶುರುಮಾಡಿದ. "ಒಂದ್ಸಲ ಬಂದು ಹೋಗ್ಬಾರ್ದಾ ಅಂತಿದ್ರು. ನಿಮ್ಮ ನೆನಪಾಗದ ದಿನ ಇಲ್ವಂತೆ. ಕೋಪ ಎಲ್ಲಾ ಯಾವತ್ತೋ ಹೋಯ್ತು, ಎಲ್ಲಾ ಮರ್ತಿದ್ದೀನಿ ಅಂದ್ರು." ಮಾತು ಸರಾಗವಾಗಿ ಬಂತು. ಕಳಪೆ ನಾಟಕದ ಕೊನೆಯ ಅಂಕದಲ್ಲಿ ಬರುವಂಥ ಮಾತು; ತನ್ನ ಕಿವಿಗೇ ಅಸಹ್ಯವಾಗುತ್ತಿದ್ದರೂ ನಿಲ್ಲಿಸಲಾಗಲಿಲ್ಲ. "ನನ್ನ ಮಗಳ ಮನಸ್ಸು ಬಹಳ ಒಳ್ಳೇದು ಅಂದ್ರು."

"ನಮ್ಮಮ್ಮ ಮರೆಯೋರ ಪೈಕಿ ಅಲ್ಲ" ಎಂದು ಮಗಳು ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ಮುಖ ಕಿವುಚಿಕೊಂಡು ಅಳು ಬಂತು. "ಹೌದಾಮ್ಮ? ಹಾಗಂದ್ಯಾ?"

ಟೈಪಿಂಗ್ ಟೀಚರ್ ಅವನನ್ನು ನೋಡಿದಳು. ಮೊದಲು ಆ ಕಣ್ಣಿನಲ್ಲಿ ಏನೂ ತಿಳಿಯದ ಒಂದು ಬೆಪ್ಪು ಇತ್ತು. ಆಮೇಲೆ ಆಕೆಗೆ ಒಂದೊಂದಾಗಿ ಹೊಳೆಯುತ್ತಿರುವುದು ಅವನಿಗೆ ಕಂಡಿತು: ಇವನು ಕೇಳಿಸಿಕೊಂಡೇ ಇಲ್ಲ, ಒಳ್ಳೇದಾಯ್ತು ಎಂದದ್ದಕ್ಕೂ ಖಂಡಿತ ಎಂದದ್ದಕ್ಕೂ ಅರ್ಥವೇ ಇರಲಿಲ್ಲ, ಅದನ್ನು ನಂಬಿ ತಾನು ಹಗುರಾಗಿ ಕಣ್ಣು ಮುಚ್ಚಿದ್ದೆ. ಮೇಲಿನಿಂದ ಕೆಳಗಿನವರೆಗೆ ಬರೀ ತಪ್ಪೇ ತುಂಬಿದ ಹಾಳೆಯನ್ನು ನೋಡುವಂತೆ ಆಕೆ ಅವನನ್ನು ನೋಡಿದಳು. ತಲೆ ಅಡ್ಡ ಆಡಿಸಿದರೆ ಮುಗಿಯಿತು, ಮಗಳಿಗೆ ಎಲ್ಲ ತಿಳಿದುಹೋಗುತ್ತದೆ. ಅವನು ಕಾದ. ಆಕೆ ಕೊನೆಗೆ ಅವನಿಂದ ಕಣ್ಣು ತೆಗೆದು, ಎಡಗೈಯನ್ನು ಎತ್ತಿ ಮಗಳ ತಲೆಯ ಮೇಲಿಟ್ಟು, ಹೌದು ಎನ್ನುವಂತೆ ಕತ್ತು ಬಗ್ಗಿಸಿದಳು. ಮಗಳು ಮಂಚದ ಬಟ್ಟೆಯಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಅತ್ತಳು. ಎದ್ದು ಮುಖ ಒರೆಸಿಕೊಂಡು, "ಚಿಕ್ಕಮ್ಮಂಗೆ ಹೇಳಿ ಬರ್ತೀನಿ" ಎಂದು ಫೋನ್ ಹಿಡಿದು ಹೊರಗೆ ಹೋಗುವಾಗ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕೈ ಒದ್ದೆಯಾಯಿತು.

ಅವನೂ ಹೋಗಬಹುದಿತ್ತು. ಹೋಗದೆ ಮಂಚದ ಪಕ್ಕದ ಸ್ಟೂಲನ್ನು ಎಳೆದುಕೊಂಡು ಅದರ ತುದಿಯಲ್ಲಿ ಕೂತ. ಈ ಮುದುಕಿ ಯಾರು, ಯಾವ ಅವಳ ಬಗ್ಗೆ ಹೇಳಿದಳು, ಯಾವುದನ್ನು ತಾನು ಒಳ್ಳೆಯದಾಯಿತು ಎಂದೆ, ಅದು ತಿಳಿಯದೆ ಇಲ್ಲಿಂದ ಏಳಲಾರೆ ಎನಿಸಿತು. ಇನ್ನೊಬ್ಬರ ಮಾತು ಇಷ್ಟು ಬೇಕೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. "ಅಮ್ಮ" ಎಂದ. ಆ ಶಬ್ದ ಎಲ್ಲಿಂದ ಬಂತೋ. ದನಿಯೂ ಎಂದಿನದಲ್ಲ, ಒರಟಾಗಿ ಒಡೆದಿತ್ತು. "ಬೆಳಿಗ್ಗೆ ನೀವು ಹೇಳಿದ್ದು ನಾನು ಕೇಳಿಸ್ಕೊಳ್ಳಲಿಲ್ಲ. ನಂದು ತಪ್ಪಾಯ್ತು. ಇನ್ನೊಂದ್ಸಲ ಹೇಳೋಕೆ ನೋಡ್ತೀರಾ? ಹೇಗಾದ್ರೂ ಹೇಳಿ, ಕಣ್ಣಲ್ಲೇ ಹೇಳಿ. ನಾನು ಎಷ್ಟು ಹೊತ್ತಾದ್ರೂ ಕೂತಿರ್ತೀನಿ."

ಆಕೆ ಅವನನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು. ಉಸಿರು ನಿಧಾನವಾಯಿತು, ತುಟಿ ಸ್ವಲ್ಪ ತೆರೆದುಕೊಂಡಿತು. ಅತ್ತ ದಾಟಿಹೋದ ನರ್ಸು ನೋಡಿ, ನಿದ್ದೆ ಬಂತು ಪಾಪ ಎಂದಳು. ಅವನು ಹೂಂ ಎನ್ನಲಿಲ್ಲ. ಸಾವಿರಾರು ಜನರ ನಿದ್ದೆಯನ್ನು ರೆಪ್ಪೆಯ ಮೇಲೆ ಬೆರಳಿಟ್ಟು ಅಳೆದವನು ಅವನು. ಇಲ್ಲಿ ಬೆರಳಿಡಬೇಕಾಗಿಯೂ ಇರಲಿಲ್ಲ, ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಕಣ್ಣು ಅಲುಗುತ್ತಾ ಅವನು ಎದ್ದು ಹೋಗುವುದನ್ನೇ ಕಾಯುತ್ತಿತ್ತು.